ಆಲ್ಟರ್ನೇಟರ್ ಬಿಚ್ಚಿದ ಶುಕ್ರವಾರ

ಮಸ್ಕತ್‌ನ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿರುವ ಆಫೀಸಿನಿಂದ ಅಲ್ ಅಮೇರಾತ್‌ನ ಮನೆಗೆ ಬರಬೇಕಾದರೆ ಒಂದು ಬೆಟ್ಟ ಹತ್ತಿ ಇಳಿಯಬೇಕು. ಹುಲ್ಲುಕಡ್ಡಿಯೂ ಇಲ್ಲದ ಆ ಕಲ್ಲುಬೆಟ್ಟದ ರಸ್ತೆಯನ್ನು ನಾವು ಕರಾವಳಿಯವರು ಅಭ್ಯಾಸಬಲದಿಂದ ಘಾಟಿ ಎನ್ನುತ್ತೇವೆ. ಆ ಘಾಟಿಯ ಏರಿನಲ್ಲಿ ಒಂದು ಸಂಜೆ ನನ್ನ ಕಾರು ನಿಂತುಬಿಟ್ಟಿತು.

ಮೊದಲು ಎಸಿಯ ಗಾಳಿ ಸಣ್ಣದಾಯಿತು. ಆಮೇಲೆ ರೇಡಿಯೊ ಬಾಯಿ ಮುಚ್ಚಿತು. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಕಡೆಯುವ ಕಲ್ಲಿನಷ್ಟು ಭಾರವಾಯಿತು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಹೇಗೋ ಬಲಕ್ಕೆ ಎಳೆದು ರಸ್ತೆಯಂಚಿಗೆ ತಂದು ನಿಲ್ಲಿಸಿದೆ. ಪಕ್ಕದ ಸೀಟಿನಲ್ಲಿ ಟ್ಯೂಷನ್ ಮುಗಿಸಿ ಬಂದಿದ್ದ ಮಗಳು, "ನಾಟ್ ಅಗೇನ್, ಅಮ್ಮಾ" ಎಂದು ಬೆಟ್ಟದ ಕಡೆಗೆ ಮುಖ ತಿರುಗಿಸಿದಳು.

ಪಿಕಪ್‌ನಲ್ಲಿ ಬರುತ್ತಿದ್ದ ಒಬ್ಬ ಒಮಾನಿ ನಮ್ಮನ್ನು ನೋಡಿ ನಿಲ್ಲಿಸಿದ. ತನ್ನ ಬ್ಯಾಟರಿಯಿಂದ ನನ್ನ ಬ್ಯಾಟರಿಗೆ ಕೇಬಲ್ ಹಾಕಿ, ಇಂಜಿನ್ ಎಬ್ಬಿಸಿಕೊಟ್ಟು, ಬ್ಯಾಟರಿ ಖಲಾಸ್ ಎಂದು ತೀರ್ಪು ಹೇಳಿದ. ಅದು ಹೊಸತು, ಹಾಕಿಸಿ ತಿಂಗಳೂ ಆಗಿಲ್ಲ ಎಂದೆ. ಹಾಗಾದರೆ ಹೊಸತೇ ಖಲಾಸ್ ಎಂದು ನಕ್ಕು ಹೋದ.

ಮಸ್ಕತ್‌ನಲ್ಲಿ ಕಾರು ಕೆಮ್ಮಿದರೂ ಸೀನಿದರೂ ಜನ ಮೊದಲು ಬೈಯುವುದು ಬ್ಯಾಟರಿಯನ್ನೇ. ಇಲ್ಲಿನ ಬೇಸಿಗೆಗೆ ಬ್ಯಾಟರಿಗಳು ಬಾಳುವುದಿಲ್ಲ, ಹಾಗಾಗಿ ಆ ಮಾತು ಹೆಚ್ಚಾಗಿ ನಿಜವೂ ಆಗಿರುತ್ತದೆ. ಮೊದಲ ಗ್ಯಾರೇಜಿನವರು ಹಾಗೆಂದಾಗ ನಾನೂ ನಂಬಿ ಬದಲಾಯಿಸಿದ್ದೆ. ಹೊಸ ಬ್ಯಾಟರಿ ಹಾಕಿದ ಮೇಲೂ ಬೆಳಿಗ್ಗೆ ಕಾರು ಏಳುತ್ತಿರಲಿಲ್ಲ. ಇನ್ನೊಂದು ಗ್ಯಾರೇಜಿನವರು ಮೀಟರು ಹಿಡಿದು, ಇಂಜಿನನ್ನು ಜೋರಾಗಿ ಗುರ್ರೆನಿಸಿ, ಚಾರ್ಜಿಂಗ್ ಸರಿ ಇದೆ ಎಂದರು. ಘಾಟಿಯಲ್ಲಿ ನಿಂತ ಮರುದಿನ ಹೋದ ಮೂರನೆಯ ಗ್ಯಾರೇಜಿನಲ್ಲಿ, ಕಾರಿನ ಕಂಪ್ಯೂಟರೇ ಹೋಗಿದೆ, ಇಷ್ಟು ಹಳೆಯ ಗಾಡಿಗೆ ಅದನ್ನು ಹಾಕಿಸುವ ಬದಲು ಮಾರಿಬಿಡುವುದು ಒಳ್ಳೆಯದು ಎಂಬ ಸಲಹೆ ಸಿಕ್ಕಿತು.

ಈದ್ ರಜೆ ಹತ್ತಿರವಿತ್ತು. ನನ್ನ ಗಂಡ ಕೆಲಸ ಮಾಡುವುದು ದೂರದ ದುಕ್ಮ್‌ನಲ್ಲಿ, ಒಂದು ಸ್ಥಾವರದಲ್ಲಿ. ವಾಸ ಕಂಪನಿಯ ಕ್ಯಾಂಪಿನಲ್ಲಿ. ಮೊದಲೆಲ್ಲ ಕಂಪನಿಯ ಬಸ್ಸಿನಲ್ಲಿ ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಈ ಸಲ ಸ್ಥಾವರ ನಿಲ್ಲಿಸಿ ದುರಸ್ತಿ ನಡೆಸುತ್ತಿದ್ದುದರಿಂದ ಎಲ್ಲರ ರಜೆಯನ್ನೂ ಹಿಡಿದಿಟ್ಟಿದ್ದರು. ಈದ್‌ಗೆ ಸಿಗುವುದು ಬಿಡಿ ದಿನಗಳು ಮಾತ್ರ. ಅವರು ಬರಲಾಗದಿದ್ದರೆ ನಾವೇ ಹೋಗುವುದು ಎಂದು ಮಗಳೂ ನಾನೂ ತೀರ್ಮಾನಿಸಿ, ಅಲ್ಲಿ ಒಂದು ರೂಮೂ ಹೇಳಿಟ್ಟಿದ್ದೆವು. ಅಪ್ಪನನ್ನು ನೋಡದೆ ಅವಳಿಗೆ ಎಷ್ಟು ದಿನವಾಗಿತ್ತೆಂದರೆ, ಫೋನಿನಲ್ಲಿ ಮಾತನಾಡುವಾಗ ಕ್ಯಾಮೆರಾ ಹಾಕಲು ಕೂಡ ಅವಳಿಗೆ ಬೇಸರ ಬಂದುಬಿಟ್ಟಿತ್ತು. ಕಾರಿಲ್ಲದೆ ಹೋದರೆ ದುಕ್ಮ್‌ನಲ್ಲಿ ಕಾಲು ಕಟ್ಟಿದ ಹಾಗೆ.

ಕಾರು ಮಾರುವ ಸಲಹೆ ಕೇಳಿಸಿಕೊಂಡು ಮನೆಗೆ ಬಂದ ಸಂಜೆ ನಾನು ಇಂಜಿನ್ ಆರಿಸಿ, ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಸೀಟಿನಲ್ಲಿ ಕುಳಿತಿದ್ದೆ. ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ, ಬೂದಿ ಮುಚ್ಚಿದ ಕೆಂಡದ ಹಾಗೆ, ತೀರಾ ಮಂಕಾಗಿ ಉರಿಯುತ್ತಿತ್ತು. ಕೀಲಿ ನನ್ನ ಕೈಯಲ್ಲಿದೆ, ಇಂಜಿನ್ ಆರಿದೆ. ಈ ದೀಪಕ್ಕೆ ಕರೆಂಟು ಬರುತ್ತಿರುವುದು ಎಲ್ಲಿಂದ?

ನಾನು ಮಂಗಳೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ತರಗತಿಯಲ್ಲಿದ್ದ ಕೆಲವೇ ಹುಡುಗಿಯರಲ್ಲಿ ಮೋಟಾರು ಬಿಚ್ಚಿ ತಂತಿ ಸುತ್ತುವ ಲ್ಯಾಬ್ ಎಂದರೆ ಊಟ ಬಿಟ್ಟು ಓಡುತ್ತಿದ್ದವಳು ನಾನೊಬ್ಬಳೇ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸಿಕ್ಕಿದ ಕೆಲಸ ಡಾಕ್ಯುಮೆಂಟ್ ಕಂಟ್ರೋಲರ್‌ನದು. ಬೇರೆಯವರು ಬಿಡಿಸಿದ ನಕ್ಷೆಗಳಿಗೆ ನಂಬರು ಕೊಟ್ಟು, ಸರಿಯಾದ ಜನರಿಗೆ ಸರಿಯಾದ ಪ್ರತಿ ತಲುಪಿಸುವುದು. ಅದು ಕೆಟ್ಟ ಕೆಲಸವೇನೂ ಅಲ್ಲ, ಮನೆ ನಡೆಸಿದೆ. ಆದರೆ ಕೈಯಲ್ಲಿ ಸ್ಪ್ಯಾನರ್ ಹಿಡಿಯದೆ ಬಹಳ ವರ್ಷಗಳಾಗಿದ್ದವು.

ಆ ಮಂಕು ದೀಪವನ್ನು ನೋಡುತ್ತಿದ್ದಂತೆ ತಲೆಯೊಳಗೆ ಹಳೆಯ ತರಗತಿಯ ಬೋರ್ಡು ತೆರೆದುಕೊಂಡಿತು. ಕಾರಿನ ಇಂಜಿನ್ ತಿರುಗುವಾಗ ಬೆಲ್ಟಿನ ಮೂಲಕ ತಾನೂ ತಿರುಗಿ ಕರೆಂಟು ಹುಟ್ಟಿಸುವ ಯಂತ್ರ ಆಲ್ಟರ್ನೇಟರ್. ಊರಿನ ಗ್ಯಾರೇಜುಗಳಲ್ಲಿ ಇಂದಿಗೂ ಅದು ಡೈನಮೋ. ಬ್ಯಾಟರಿಯ ಕೆಲಸ ಇಂಜಿನನ್ನು ಎಬ್ಬಿಸುವುದು, ಎದ್ದ ಮೇಲೆ ಎಲ್ಲವನ್ನೂ ನಡೆಸಿ ಬ್ಯಾಟರಿಯನ್ನೂ ತುಂಬಿಸುವುದು ಡೈನಮೋದ ಕೆಲಸ. ಅದರ ಹೊಟ್ಟೆಯಲ್ಲಿ ಡಯೋಡ್‌ಗಳಿರುತ್ತವೆ. ಅವು ಒಂದೇ ಕಡೆಗೆ ತೆರೆಯುವ ಬಾಗಿಲುಗಳು. ಕರೆಂಟು ಬ್ಯಾಟರಿಯ ಕಡೆಗೆ ಹೋಗಬಹುದು, ತಿರುಗಿ ಬರುವಂತಿಲ್ಲ. ಅವುಗಳಲ್ಲಿ ಒಂದು ಬಾಗಿಲು ಮುರಿದಿದ್ದರೆ? ಹಗಲು ಅರೆಹೊಟ್ಟೆ ಚಾರ್ಜು, ರಾತ್ರಿಯಿಡೀ ಹಿಂದಕ್ಕೆ ಸೋರಿಕೆ. ಹೊಸ ಬ್ಯಾಟರಿಯೂ ಬೆಳಿಗ್ಗೆಗೆ ಬರಿದು. ಮೂರು ಗ್ಯಾರೇಜಿನ ಮೂರು ಮಾತುಗಳಿಗೆ ಹೊಂದದ ಲಕ್ಷಣಗಳೆಲ್ಲ ಈ ಒಂದು ಊಹೆಗೆ ಬಂದು ಹೊಂದಿಕೊಂಡವು.

ಊಹೆ ಊಹೆಯೇ. ಪರೀಕ್ಷೆ ಬೇಕಿತ್ತು. ಮೊದಲ ಸಂಜೆ ಬ್ಯಾಟರಿಯ ನೆಗೆಟಿವ್ ತಂತಿಯನ್ನೇ ಕಳಚಿಟ್ಟೆ. ಬೆಳಿಗ್ಗೆ ಸಿಕ್ಕಿಸಿ ಕೀಲಿ ತಿರುಗಿಸಿದೆ, ಕಾರು ಒಂದೇ ಸಲಕ್ಕೆ ಎದ್ದಿತು. ಅಂದರೆ ಬ್ಯಾಟರಿ ನಿರಪರಾಧಿ, ಕಾರಿನೊಳಗೆ ಎಲ್ಲೋ ಸೋರುತ್ತಿದೆ. ಎಲ್ಲಿ ಎನ್ನುವುದನ್ನು ತಿಳಿಯಲು ಮರುಸಂಜೆ ಬ್ಯಾಟರಿಯನ್ನು ಹಾಗೇ ಬಿಟ್ಟು, ಡೈನಮೋಕ್ಕೆ ಹೋಗುವ ದಪ್ಪ ಕೇಬಲನ್ನು ಮಾತ್ರ ಬಿಚ್ಚಿ, ಅದರ ತುದಿಗೆ ಟೇಪು ಸುತ್ತಿಟ್ಟೆ. ಮರುದಿನವೂ ಕಾರು ಸರಾಗವಾಗಿ ಎದ್ದಿತು. ಸೋರುತ್ತಿದ್ದುದು ಡೈನಮೋದಲ್ಲಿಯೇ.

ಮನೆಯಲ್ಲಿ ಗಂಡನ ಮಲ್ಟಿಮೀಟರ್ ಇತ್ತು. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಹದಿನಾಲ್ಕು ವೋಲ್ಟಿನ ಆಚೀಚೆ ತೋರಿಸಬೇಕು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಅದರ ಹತ್ತಿರಕ್ಕೆ ಹೋಗುತ್ತಿತ್ತು. ಗ್ಯಾರೇಜಿನವರು ನೋಡಿದ್ದು ಅಷ್ಟನ್ನೇ. ಕಾಲು ತೆಗೆದು, ಎಸಿ ಹಾಕಿ, ಹೆಡ್‌ಲೈಟು ಹಾಕಿದ ಕೂಡಲೇ ಹನ್ನೆರಡಕ್ಕೆ ಇಳಿದು ಇನ್ನೂ ಕೆಳಗೆ ಜಾರುತ್ತಿತ್ತು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಬಿಗಿಯಾಗಿಯೇ ಇತ್ತು. ಕೇಬಲಿನಲ್ಲಿ ದೋಷವಿರಬಹುದೇ ಎಂದು ಡೈನಮೋದ ಬಾಯಿಯಲ್ಲೇ ಅಳೆದೆ, ಅಲ್ಲಿಯೂ ಅದೇ ಕಥೆ. ಕೊನೆಗೆ ಮೀಟರನ್ನು ಎಸಿ ವೋಲ್ಟಿಗೆ, ಅಂದರೆ ಪರ್ಯಾಯ ವಿದ್ಯುತ್ತಿನ ಅಳತೆಗೆ, ತಿರುಗಿಸಿದೆ. ಡಯೋಡುಗಳು ಆರೋಗ್ಯವಾಗಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅಂಕಿ ಕುಣಿಯುತ್ತಾ ಅರ್ಧ ವೋಲ್ಟು ದಾಟಿತು. ನಾನು ಬಾನೆಟ್ ಕೆಳಗೆ ತಲೆ ಹಾಕಿಕೊಂಡೇ ಒಬ್ಬಳೇ ನಕ್ಕೆ.

ಮೂರನೆಯ ಗ್ಯಾರೇಜಿಗೆ ಫೋನು ಮಾಡಿ ಇದನ್ನೆಲ್ಲ ವಿವರಿಸಿದೆ. ಅವರು ಸಮಾಧಾನದಿಂದಲೇ ಕೇಳಿ, ನಾವೂ ಮೀಟರು ಹಿಡಿದೇ ನೋಡಿದ್ದೇವೆ ಮೇಡಂ, ಈದ್‌ವರೆಗೆ ಕೈ ತುಂಬ ಕೆಲಸವಿದೆ, ಆಮೇಲೆ ತನ್ನಿ ಎಂದರು. ಉಳಿದ ಎರಡು ಕಡೆಯೂ ಅದೇ ಉತ್ತರ ಸಿಕ್ಕಿತು. ಆಗ ದುಕ್ಮ್‌ಗೆ ಫೋನು ಮಾಡಿ, ನಾನೇ ಬಿಚ್ಚುತ್ತೇನೆ ಎಂದೆ.

"ಕೈ ಹಾಕ್ಬೇಡ ಮಾರಾಯ್ತಿ" ಎಂದರು ಗಂಡ. "ಬಿಚ್ಚುದು ಸುಲಭ. ಆಮೇಲೆ ಜೋಡಿಸ್ಲಿಕ್ಕೆ ಆಗದಿದ್ರೆ ಎಂತ ಮಾಡ್ತಿ?"

"ಆಗದಿದ್ರೆ ಈಗ ಇದ್ದ ಹಾಗೇ ಇರ್ತದೆ. ಈಗ್ಲೂ ಓಡುದಿಲ್ಲ, ಆಗ್ಲೂ ಓಡುದಿಲ್ಲ" ಎಂದೆ.

ಹಾಗಾದರೆ ಮೊದಲು ನೆಗೆಟಿವ್ ತೆಗಿ ಎಂದರು. ಗೊತ್ತುಂಟು ಎಂದೆ.

ಶುಕ್ರವಾರ ಬೆಳಗಿನ ಚಹಾ ಆದ ಕೂಡಲೇ, ಬಿಸಿಲು ಏರುವ ಮೊದಲು ಕೆಲಸಕ್ಕೆ ಇಳಿದೆ. ನಾವಿರುವುದು ಮಹಡಿಯಲ್ಲಿ. ಕೆಳಗೆ ಮನೆಯೊಡತಿ ಇರುತ್ತಾರೆ, ಬಲೂಚಿ ಮನೆತನದ ಒಮಾನಿ ಹೆಂಗಸು, ಗಂಡ ತೀರಿಕೊಂಡು ವರ್ಷಗಳಾಗಿವೆ. ಅವರಿಗೆ ಉರ್ದು ಚೆನ್ನಾಗಿ ಬರುವುದರಿಂದ ನಮಗಿಬ್ಬರಿಗೂ ಮಾತಿಗೆ ತೊಂದರೆಯಿಲ್ಲ, ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಗಂಡ ಕಾಯಿಲೆ ಬಿದ್ದಾಗ ಅವರ ಪಿಕಪ್ಪನ್ನು ತಾವೇ ಓಡಿಸಿ, ತೋಟದ ಖರ್ಜೂರವನ್ನು ಪೇಟೆಗೆ ಹಾಕಿ, ನಾಲ್ಕು ಮಕ್ಕಳನ್ನು ಓದಿಸಿದವರು. ಬಾನೆಟ್ ಎತ್ತಿ ನಿಂತಿದ್ದ ನನ್ನನ್ನು ನೋಡಿ ಅವರು, ಮೆಕ್ಯಾನಿಕ್ ಎಲ್ಲಿ ಎಂದು ಕೇಳಿದರು. ಇಲ್ಲೇ ನಿಂತಿದ್ದಾಳಲ್ಲ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಒಳಗೆ ಹೋದರು. ತಿರುಗಿ ಬಂದಾಗ ತೀರಿಹೋದ ಗಂಡನ ಕಬ್ಬಿಣದ ಟೂಲ್‌ಬಾಕ್ಸನ್ನು ಕೈಗಾಡಿಯಲ್ಲಿ ಇಟ್ಟು ತಳ್ಳಿಕೊಂಡು ಬಂದಿದ್ದರು. ಸ್ಪ್ಯಾನರುಗಳೆಲ್ಲ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿದ್ದವು.

ನೆಗೆಟಿವ್ ತಂತಿ ತೆಗೆದೆ. ಬೆಲ್ಟು ಯಾವ ಚಕ್ರದ ಮೇಲಿಂದ ಹೋಗಿ ಯಾವುದರ ಕೆಳಗೆ ನುಸುಳುತ್ತದೆ ಎನ್ನುವುದನ್ನು ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೊ ಹಿಡಿದುಕೊಂಡೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ಗೆ ಉದ್ದ ಸ್ಪ್ಯಾನರ್ ಹಾಕಿ ಜಗ್ಗಿದಾಗ ಬೆಲ್ಟು ಸಡಿಲವಾಗಿ ಕಳಚಿತು. ಪ್ಲಗ್ಗು, ಕೇಬಲು, ಮೇಲಿನ ಬೋಲ್ಟು ಎಲ್ಲ ಸಲೀಸು. ಕೆಳಗಿನ ಬೋಲ್ಟು ಮಾತ್ರ ಅಲುಗಲಿಲ್ಲ. ವರ್ಷಗಳ ಧೂಳು, ಉಪ್ಪುಗಾಳಿ, ಇಂಜಿನಿನ ಬಿಸಿ ಎಲ್ಲ ಸೇರಿ ಅದನ್ನು ಬೆಸುಗೆ ಹಾಕಿದ ಹಾಗೆ ಹಿಡಿದಿತ್ತು. ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ಕಾದೆ. ಜಗ್ಗಿದೆ. ಮತ್ತೆ ಸಿಂಪಡಿಸಿ ಮತ್ತೆ ಜಗ್ಗಿದೆ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು.

ಇಷ್ಟು ಹೊತ್ತು ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ಮಗಳು ಆಗ ಕೆಳಗಿಳಿದು ಬಂದಳು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದಾರೆ ಎಂಬುದು ಅವಳ ದೊಡ್ಡ ಸಂಕಟವಾಗಿತ್ತು. ಬ್ಯಾಂಡೇಜ್ ಸುತ್ತುತ್ತಾ, "ಆರ್ ಯೂ ಶೂರ್ ಅಬೌಟ್ ದಿಸ್?" ಎಂದು ಮೆಲ್ಲಗೆ ಕೇಳಿದಳು. ನಾನು ಅವಳ ಕೈಗೆ ಮಲ್ಟಿಮೀಟರ್ ಕೊಟ್ಟು, ಅಳೆದದ್ದನ್ನೆಲ್ಲ ಮೊದಲಿಂದ ಹೇಳಿದೆ. ಅವಳು ಹನ್ನೊಂದನೆಯ ತರಗತಿ. ಡಯೋಡ್ ಎಂದರೆ ಏನೆಂದು ಅವಳಿಗೆ ಬಾಯಿಪಾಠ ಗೊತ್ತು. ಕೇಳುತ್ತಾ ಕೇಳುತ್ತಾ ಅವಳ ಹುಬ್ಬು ಸಡಿಲವಾಯಿತು. "ಹಾಗಾದ್ರೆ ಬೇರೆ ಏನೂ ಆಗಿರ್ಲಿಕ್ಕೆ ಸಾಧ್ಯ ಇಲ್ಲ ಅಮ್ಮಾ" ಎಂದಳು, ಅಪರೂಪಕ್ಕೆ ಕನ್ನಡದಲ್ಲಿ.

ಖಾಲಾ ಅಷ್ಟರಲ್ಲಿ ಹಿತ್ತಲಿನಿಂದ ಹಳೆಯ ಪಂಪಿನ ಒಂದು ಕಬ್ಬಿಣದ ಪೈಪು ತಂದರು. ಅದನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿದರೆ ಹಿಡಿ ಒಂದು ಮಾರು ಉದ್ದವಾಯಿತು. ಮೂವರೂ ಪೈಪಿಗೆ ಕೈ ಕೊಟ್ಟೆವು. ಖಾಲಾ, ಯಲ್ಲಾ, ಎಳೆಯಿರಿ ಎಂದರು. ಬಂದೂಕು ಸಿಡಿದಂಥ ಒಂದು ಸದ್ದಾಯಿತು. ಬೋಲ್ಟಿನ ತಲೆಯೇ ಮುರಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಬೋಲ್ಟು ತಿರುಗಿತ್ತು. ಆಮೇಲೆ ಅದು ಬೆರಳಿಗೇ ಬಂತು. ರೇಡಿಯೇಟರಿನ ಪೈಪನ್ನು ಒಂದು ಕಡೆಗೆ ಸರಿಸಿ, ಡೈನಮೋವನ್ನು ಅತ್ತ ಹೊರಳಿಸಿ ಇತ್ತ ಹೊರಳಿಸಿ, ಹಲಸಿನ ಹಣ್ಣನ್ನು ಮರದ ಸಂದಿನಿಂದ ಇಳಿಸಿದ ಹಾಗೆ ಹೊರಗೆ ತಂದೆ. ಅಷ್ಟು ಸಣ್ಣ ಯಂತ್ರ ಅಷ್ಟು ಭಾರ ಇರುತ್ತದೆಂದು ನನಗೆ ಮರೆತೇಹೋಗಿತ್ತು. ಹಿಂಬದಿಯ ಜಾಲರಿಯೊಳಗೆ ಮೂಗು ಇಟ್ಟರೆ ಸುಟ್ಟ ವಾರ್ನಿಷಿನ ವಾಸನೆ ಬರುತ್ತಿತ್ತು.

ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಬೆಳಿಗ್ಗೆ ಖಾಲಾ ತಮ್ಮ ಪಿಕಪ್ಪನ್ನು ಹೊರಗೆ ತೆಗೆದು, ಕೂತುಕೋ ಬೇಟಿ ಎಂದರು. ಹಳೆಯ ಡೈನಮೋವನ್ನು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ವಾದಿ ಕಬೀರ್‌ನ ಬಿಡಿಭಾಗಗಳ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಮಲಯಾಳಿ ನನ್ನ ಮಡಿಲಿನ ಗಂಟನ್ನು ನೋಡಿ, ಮೆಕ್ಯಾನಿಕ್ಕನ್ನು ಕಳಿಸಿ ಮೇಡಂ, ಅವರಿಗೆ ಯಾವುದು ಬೇಕೆಂದು ಗೊತ್ತಿರುತ್ತದೆ ಎಂದರು. ಮೆಕ್ಯಾನಿಕ್ ನಾನೇ ಎಂದೆ. ಅವರು ನನ್ನ ಬ್ಯಾಂಡೇಜನ್ನೂ ಉಗುರಿನ ಸಂದಿಯ ಕಪ್ಪನ್ನೂ ನೋಡಿ ಒಳಗೆ ಹೋಗಿ ಒಂದು ಪೆಟ್ಟಿಗೆ ತಂದರು. ಮೈಕಟ್ಟು ಒಂದೇ ತರಹ, ಬೋಲ್ಟಿನ ತೂತುಗಳೂ ಸರಿಯಾಗಿದ್ದವು. ಆದರೆ ಬೆಲ್ಟು ಕೂರುವ ಚಕ್ರದಲ್ಲಿ ಗೀರುಗಳು ಕಡಿಮೆ ಇದ್ದವು, ಪ್ಲಗ್ಗಿನ ಪಿನ್ನುಗಳ ಜೋಡಣೆಯೂ ಬೇರೆ. ಇದು ನನ್ನದಲ್ಲ ಎಂದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಅವರೂ ಎಣಿಸಿದರು, ಒಪ್ಪಿದರು, ಏಣಿ ಹತ್ತಿ ಇನ್ನೊಂದನ್ನು ತಂದರು. ಅದು ಪಡಿಯಚ್ಚು.

ಮೇಜಿನ ಮೇಲೆ ಓಡಿಸಿ ತೋರಿಸಬೇಕು ಎಂದು ಕೇಳಿದೆ. ಅಂಗಡಿಯ ಹಿಂದೆ ಡೈನಮೋ ತಿರುಗಿಸುವ ಯಂತ್ರವಿತ್ತು. ಅದಕ್ಕೆ ಕಟ್ಟಿ ತಿರುಗಿಸಿದರು. ನಾನು ನನ್ನ ಮೀಟರನ್ನೇ ಹಿಡಿದೆ. ಹದಿನಾಲ್ಕು ಚಿಲ್ಲರೆ. ಎಸಿ ವೋಲ್ಟಿಗೆ ತಿರುಗಿಸಿದೆ, ಸೊನ್ನೆಯ ಪಕ್ಕದಲ್ಲಿ ಶಾಂತವಾಗಿ ನಿಂತಿತು. ಅಂಗಡಿಯವರಿಗೆ ಕುತೂಹಲ ಹುಟ್ಟಿ ನನ್ನ ಹಳೆಯದನ್ನೂ ಕಟ್ಟಿದರು. ಅಂಕಿ ಮತ್ತೆ ಕುಣಿಯಿತು. ಡಯೋಡ್ ಹೋಗಿದೆ ಎಂದರು ಅವರು. ಹೌದು ಎಂದೆ. ಆ ಒಂದು 'ಹೌದು' ಹೇಳುವಾಗ ನನಗೆ ಎಷ್ಟು ಹಿತವಾಯಿತೆಂದು ಯಾರಿಗೆ ಹೇಳಲಿ? ಹೊರಗೆ ಖಾಲಾ ಹಾರ್ನ್ ಒತ್ತುತ್ತಿದ್ದರು.

ಜೋಡಿಸುವ ಕೆಲಸ ಬಿಚ್ಚಿದ್ದಕ್ಕಿಂತ ಸುಲಭವಾಯಿತು. ಒಂದು ನಟ್ಟು ಇಂಜಿನಿನ ಅಡಿಯ ತಟ್ಟೆಗೆ ಬಿದ್ದು, ಮಗಳು ಅಂಗಾತ ಮಲಗಿ ಕಾರಿನಡಿಗೆ ನುಸುಳಿ ತೆಗೆದುಕೊಟ್ಟಳು. ನೆರೆಯವರು ನೋಡುತ್ತಿದ್ದಾರೆಂಬುದು ಅವಳಿಗೆ ಮರೆತಿತ್ತು. ಬೆಲ್ಟನ್ನು ಫೋಟೊ ನೋಡಿ ಸುತ್ತಿದೆ. ನೆಗೆಟಿವ್ ಸಿಕ್ಕಿಸಿ ಕೀಲಿ ತಿರುಗಿಸಿದೆ. ಇಂಜಿನ್ ಎದ್ದಿತು, ಅದರ ಜೊತೆಗೆ ಹಂದಿ ಕೂಗಿದಂಥ ಒಂದು ಕಿರುಚಾಟವೂ ಎದ್ದಿತು. ತಕ್ಷಣ ಆರಿಸಿದೆ. ಟಾರ್ಚ್ ಹಿಡಿದು ಒಂದೊಂದೇ ಚಕ್ರ ನೋಡುತ್ತಾ ಬಂದರೆ, ಡೈನಮೋದ ಮೇಲೆ ಬೆಲ್ಟು ಒಂದು ಗೀರು ಪಕ್ಕಕ್ಕೆ ಕೂತಿತ್ತು. ಸಡಿಲಿಸಿ, ಸರಿಯಾದ ಗೀರಿಗೆ ಕೂರಿಸಿ, ಮತ್ತೆ ಕೀಲಿ ತಿರುಗಿಸಿದೆ.

ಈ ಸಲ ಇಂಜಿನಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಕೆಂಪು ದೀಪ ಒಮ್ಮೆ ಹೊತ್ತಿ, ಆರಿ, ಪೂರ್ತಿ ಕಪ್ಪಾಯಿತು. ಮಗಳು ಮೀಟರು ಹಿಡಿದು ಓದಿದಳು. ಹದಿನಾಲ್ಕು ಪಾಯಿಂಟ್ ಎರಡು. ಎಸಿ ಹಾಕಿದೆ, ಹೆಡ್‌ಲೈಟು ಹಾಕಿದೆ, ವೈಪರು, ಹಿಂಬದಿ ಗಾಜಿನ ಹೀಟರು, ರೇಡಿಯೊ, ಕಾರಿನಲ್ಲಿ ಏನೇನು ಉಂಟೋ ಎಲ್ಲವನ್ನೂ ಹಾಕಿದೆ. ಇಳಿಯಲೇ ಇಲ್ಲ ಎನ್ನುವಷ್ಟು ಸ್ವಲ್ಪ ಇಳಿದು ನಿಂತಿತು. ಮಗಳು ಗ್ರೀಸು ಮೆತ್ತಿದ ಕೈಯಲ್ಲೇ ನನ್ನನ್ನು ಬಿಗಿದಪ್ಪಿದಳು. ಖಾಲಾ ನನ್ನ ಹಣೆಗೆ ಮುತ್ತಿಟ್ಟು, ತಟ್ಟೆ ತುಂಬ ಹಲ್ವಾ ಮತ್ತು ಕಾಫಿ ತಂದರು. ಬಿಸಿಲಿನಲ್ಲಿ, ಓಡುತ್ತಿದ್ದ ಕಾರಿನ ಪಕ್ಕದಲ್ಲಿ ನಿಂತೇ ತಿಂದೆವು. ಆರಿಸಲು ಮನಸ್ಸಾಗಲಿಲ್ಲ.

ಗಂಡನಿಗೆ ಫೋನು ಮಾಡಿ ಅಂಕಿ ಹೇಳಿದೆ. ಎಸಿ, ದೀಪ ಎಲ್ಲದರ ಲೋಡ್ ಹಾಕಿ ನೋಡಿದ್ದೀಯಾ ಎಂದರು. ಹಾಕಿಯೇ ಹೇಳುತ್ತಿದ್ದೇನೆ ಎಂದೆ. ಯಂತ್ರಗಳ ಸದ್ದಿನ ನಡುವೆ ಅವರು ಪಕ್ಕದಲ್ಲಿದ್ದ ಯಾರಿಗೋ ಹಿಂದಿಯಲ್ಲಿ, ನನ್ನ ಹೆಂಡತಿ ಆಲ್ಟರ್ನೇಟರ್ ಬದಲಾಯಿಸಿದಳು ಎಂದು ಹೇಳುವುದು ಕೇಳಿಸಿತು. ಅದನ್ನು ಅವರು ಇನ್ನೂ ಒಬ್ಬರಿಗೆ ಹೇಳಿದರು.

ಆಮೇಲಿನ ದಿನಗಳಲ್ಲಿ ಆಫೀಸಿಗೆ ಅದೇ ಘಾಟಿ ಹತ್ತಿ ಇಳಿದು ಪರೀಕ್ಷೆ ಮಾಡಿದೆ. ಈದ್‌ನ ಹಿಂದಿನ ದಿನ ನಸುಕಿಗೆ ಹೊರಟೆವು. ಸಿನಾವ್ ದಾಟಿದ ಮೇಲೆ ದಾರಿಯ ಎರಡೂ ಬದಿಗೆ ಬರೀ ಬಯಲು, ಅಲ್ಲಲ್ಲಿ ಒಂಟೆಗಳು. ಬಿಸಿಲು ನೆತ್ತಿಗೆ ಬಂದರೂ ಎಸಿಯ ಗಾಳಿ ಕೈಯನ್ನು ಕೊರೆಯುವಷ್ಟು ತಣ್ಣಗಿತ್ತು. ಮೊದಮೊದಲು ನಾನು ರಸ್ತೆಗಿಂತ ಹೆಚ್ಚು ಡ್ಯಾಶ್‌ಬೋರ್ಡನ್ನೇ ನೋಡುತ್ತಿದ್ದೆ. ಮಹೂತ್ ಬರುವ ಹೊತ್ತಿಗೆ ಅದನ್ನು ಬಿಟ್ಟು, ಮಗಳ ಜೊತೆ ಸೇರಿ ರೇಡಿಯೊದ ಅರಬಿ ಹಾಡಿಗೆ ಅರ್ಥವಿಲ್ಲದ ತುಳು ಪದ ಸೇರಿಸಿ ಹಾಡುತ್ತಿದ್ದೆ.

ಕ್ಯಾಂಪಿನ ಗೇಟಿನಲ್ಲಿ ಗಂಡ ನಿಂತಿದ್ದರು. ಅವರ ಜೊತೆ ನಾಲ್ಕೈದು ಸಹೋದ್ಯೋಗಿಗಳೂ ಇದ್ದರು. ಮಗಳು ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದು ಓಡಿದಳು. ಅಪ್ಪನ ಕುತ್ತಿಗೆಗೆ ಜೋತುಬಿದ್ದು ಬಹಳ ಹೊತ್ತು ಬಿಡಲಿಲ್ಲ. ಅವಳು ಬಿಟ್ಟ ಮೇಲೆ ಅವರು ಬಾನೆಟ್ ಎತ್ತಿಸಿ, ಕನ್ನಡಕ ಸರಿಮಾಡಿಕೊಂಡು, ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ, ಬೆಲ್ಟನ್ನು ಒತ್ತಿ ನೋಡಿದರು. ಸಹೋದ್ಯೋಗಿಗಳೂ ಸುತ್ತ ನಿಂತು ಬಗ್ಗಿದರು. ಎಷ್ಟು ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ.

"ಟೈಟ್ ಉಂಟು" ಎಂದರು ಕೊನೆಗೆ. ಅವರ ಬಾಯಿಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿದ್ದಿಲ್ಲ.

ಸಮುದ್ರದ ಕಡೆ ಹೋಗುವ ಎಂದು ಅವರು ಕೀಲಿಗೆ ಕೈ ಚಾಚಿದರು. ನೀವು ಕೂತುಕೊಳ್ಳಿ, ನಾನೇ ಓಡಿಸುತ್ತೇನೆ ಎಂದೆ. ಅವರು ನಗುತ್ತಾ ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡರು. ನಾನು ಗೇಟು ದಾಟಿ, ಬಂದರಿನ ಕ್ರೇನುಗಳನ್ನು ಎಡಕ್ಕೆ ಬಿಟ್ಟು, ನೀಲಿ ಕಾಣುತ್ತಿದ್ದ ಕಡೆಗೆ ತಿರುಗಿಸಿದೆ.